ಸ್ಟೇನ್‌ಲೆಸ್ ಬಂದೂಕಿಗೂ ಎಣ್ಣೆ ಬೇಕು

ಬೆಳೆ ಕಾವಲಿಗೆಂದು ಲೈಸೆನ್ಸ್ ಮಾಡಿಸಿಕೊಂಡವರು ತುಮಕೂರಿನ ನಮ್ಮ ರಿಪೇರಿ ಅಂಗಡಿಗೆ ಬಂದರೆ ತಪ್ಪದೆ ಕೇಳುತ್ತಾರೆ: ‘ಸ್ಟೀಲಿಂದು ತಗೊಂಡ್ರೆ ತುಕ್ಕು ಹಿಡಿಯಲ್ಲ ಅಲ್ವಾ ಸಾರ್?’ ಹಿಡಿಯುತ್ತದೆ. ನಿಧಾನವಾಗಿ ಹಿಡಿಯುತ್ತದೆ, ಅಷ್ಟೇ.

ಅಡುಗೆಮನೆಯ ಒಳ್ಳೆ ಸ್ಟೀಲ್ ಪಾತ್ರೆ 304 ದರ್ಜೆಯದು. ಅದರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್. ಬಂದೂಕಿನ ಸ್ಟೇನ್‌ಲೆಸ್ ನಳಿಗೆಗೆ (ಬ್ಯಾರಲ್) ಸಾಮಾನ್ಯವಾಗಿ ಬಳಸುವುದು 416 ದರ್ಜೆ. ಕ್ರೋಮಿಯಂ ಶೇ 12ರಿಂದ 14 ಮಾತ್ರ. ಸಲೀಸಾಗಿ ಕೊರೆಯಲು ಬರಲಿ ಅಂತ ಗಂಧಕ ಬೇರೆ ಸೇರಿಸಿರುತ್ತಾರೆ. ಪಾತ್ರೆಯಷ್ಟು ತಡೆಯುವ ಶಕ್ತಿ ಅದಕ್ಕಿಲ್ಲ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಿದ್ದಾಗ ಉಜ್ಜಿದರೆ ಕಚ್ಚಿಕೊಳ್ಳುವುದೂ ಉಂಟು. ತಮಾಷೆ ನೋಡಿ, 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಲೋಹತಜ್ಞ ಹ್ಯಾರಿ ಬ್ರೇರ್ಲಿಗೆ ಸ್ಟೇನ್‌ಲೆಸ್ ಉಕ್ಕು ಸಿಕ್ಕಿದ್ದೇ ನಳಿಗೆ ಸವೆತಕ್ಕೆ ಪರಿಹಾರ ಹುಡುಕುವಾಗ. ಅದು ಹೆಸರು ಮಾಡಿದ್ದು ಮಾತ್ರ ಊಟದ ಚಾಕುವಿನಲ್ಲಿ.

ಕಪ್ಪು ಬಂದೂಕಿನ ನೀಲಿಗಪ್ಪು ಪೇಂಟ್ ಅಲ್ಲ. ಕಾಸ್ಟಿಕ್ ಸೋಡಾ, ನೈಟ್ರೇಟ್ ಉಪ್ಪು ಬೆರೆಸಿದ ನೀರನ್ನು 140 ಡಿಗ್ರಿ ಆಸುಪಾಸು ಕುದಿಸಿ ಮುಳುಗಿಸಿದರೆ ಕಬ್ಬಿಣದ ಮೈಯೇ ಮ್ಯಾಗ್ನಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ಆಗುತ್ತದೆ. ಬಹಳ ತೆಳು ಪದರ. ಅದರ ಮುಖ್ಯ ಕೆಲಸ ಎಣ್ಣೆ ಹಿಡಿದಿಟ್ಟುಕೊಳ್ಳುವುದು. ಎಣ್ಣೆ ಆರಿದರೆ ಕಾವಲೂ ಹೋಯಿತು. ಬೆವರಿದ ಕೈಯಲ್ಲಿ ಹಿಡಿದು ಒರೆಸದೆ ಇಟ್ಟ ನಳಿಗೆಯ ಮೇಲೆ ಬೆರಳಚ್ಚು ಗೆರೆ ಸಮೇತ ಕೆಂಪಗೆ ಮೂಡಿರುತ್ತದೆ.

ಗಟ್ಟಿತನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಮೈಗೆ ಅಂಟಿಕೊಂಡೇ ಇರುವ ರಿವಾಲ್ವರ್ ಆದರೆ ಜಾಸ್ತಿ ದುಡ್ಡು ಕೊಟ್ಟು ಸ್ಟೇನ್‌ಲೆಸ್ ತಗೊಳ್ಳಿ. ಪಾವಗಡದ ಕಡಲೆಕಾಯಿ ಹೊಲದ ಡಬಲ್ ಬ್ಯಾರಲ್‌ಗೆ ಕಪ್ಪೇ ಸಾಕು.

ನಾನು ಹೆಚ್ಚು ಹಾಳಾಗಿ ನೋಡುವುದು ಚುನಾವಣೆ ಮುಗಿದ ಮೇಲೆ. ಚುನಾವಣೆಗೆ ಮುಂಚೆ ಬಂದೂಕನ್ನು ಠಾಣೆಯಲ್ಲಿ ಡೆಪಾಸಿಟ್ ಇಡುವಾಗ ಸುಮ್ನೆ ಕ್ಯಾನ್ವಾಸ್ ಚೀಲಕ್ಕೆ ತುರುಕಿ ಕೊಟ್ಟಿರುತ್ತಾರೆ. ಬಟ್ಟೆ ತೇವ ಹೀರಿಕೊಂಡು ಕೂತಿರುತ್ತದೆ. ನಳಿಗೆಯ ಒಳಗೂ ಹೊರಗೂ ಗನ್ ಆಯಿಲ್ ಸವರಿ ಕೊಡಿ. ಮರ ಮುಚ್ಚಿರುವ ಅಡಿಭಾಗವನ್ನು ಮರೆಯಬೇಡಿ, ತುಕ್ಕು ಶುರುವಾಗುವುದು ಅಲ್ಲೇ. ತಿಪಟೂರು ಕಡೆಯವರು ಕೊಬ್ಬರಿ ಎಣ್ಣೆ ಹಚ್ಚಿ ತರುತ್ತಾರೆ. ದಯವಿಟ್ಟು ಬೇಡ. 24 ಡಿಗ್ರಿಗಿಂತ ಕೆಳಗಿಳಿದರೆ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್ ಬಳಿ ಕೂತರೆ ಕುದುರೆ ಎಳೆದರೂ ತೋಟಾ ಹಾರುವುದಿಲ್ಲ.

ಬಣ್ಣ ಹೋದ ಹಳೇ ಡಬಲ್ ಬ್ಯಾರಲ್‌ಗೆ ಮತ್ತೆ ಬ್ಲೂಯಿಂಗ್, ಅಂದರೆ ಆ ನೀಲಿಗಪ್ಪು ಪದರ, ಮಾಡಿಸುವ ಮುಂಚೆ ಒಂದು ಮಾತು ಕೇಳಿ, ಯಾವ ವಿಧಾನ ಅಂತ. ಜೋಡಿ ನಳಿಗೆಗಳನ್ನು ಸೀಸ, ತವರದ ಬೆಸುಗೆಯಲ್ಲಿ ಕೂಡಿಸಿರುತ್ತಾರೆ. ಬಿಸಿ ಕಾಸ್ಟಿಕ್ ತೊಟ್ಟಿಗೆ ಇಳಿಸಿದರೆ ಆ ಬೆಸುಗೆಯೇ ತಿಂದುಹೋಗುತ್ತದೆ. ದಿನಗಟ್ಟಲೆ ಹಿಡಿದರೂ ನಿಧಾನವಾಗಿ ತುಕ್ಕು ಬರಿಸಿ, ಬರೀ ನೀರಲ್ಲಿ ಕುದಿಸಿ, ಉಜ್ಜುವ ಹಳೇ ಪದ್ಧತಿಯೇ ಅದಕ್ಕೆ ಸರಿ.