ಓದಲು ಮನಸ್ಸಿಲ್ಲ ಎನ್ನುವ ಮಕ್ಕಳ ಒಳಲೆಕ್ಕ

"ಸರ್, ಇವಂಗ ಓದೂ ಮನಸೇ ಇಲ್ರಿ. ನೀವರ ಒಂದೀಟು ಬುದ್ಧಿ ಹೇಳ್ರಿ."

ವಿಜಯಪುರದಲ್ಲಿ ಶಾಲಾ ಮಕ್ಕಳ ಆಪ್ತಸಮಾಲೋಚಕನಾಗಿರುವ ನನಗೆ ಪೋಷಕರಿಂದ ಜಾಸ್ತಿ ಕೇಳಿಬರುವ ಮಾತು ಇದು. ಓದುವ ಮನಸ್ಸು ಹುಟ್ಟುಗುಣ, ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂದು ಅವರು ನಂಬಿರುತ್ತಾರೆ. ಅಪ್ಪನನ್ನು ಹೊರಗೆ ಕೂರಿಸಿ ಮಕ್ಕಳ ಜೊತೆ ಮಾತಾಡಿದರೆ ಬೇರೆಯೇ ಕಥೆ. ಪುಸ್ತಕ ತೆರೆಯುವ ಮೊದಲೇ ಅವರೊಳಗೆ ಎರಡು ಪ್ರಶ್ನೆ ಎದ್ದಿರುತ್ತವೆ. ಇದು ನನ್ನಿಂದ ಆಗುತ್ತಾ? ಆದರೂ ನನಗೇನು ಉಪಯೋಗ? ಎರಡರಲ್ಲಿ ಒಂದಕ್ಕೆ "ಇಲ್ಲ" ಎಂಬ ಉತ್ತರ ಬಂದರೂ ಓದು ಮುಂದೆ ಹೋಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾಕ್ವೆಲಿನ್ ಎಕಲ್ಸ್ ಮತ್ತು ಸಂಗಡಿಗರು 1983ರಲ್ಲಿ ಮುಂದಿಟ್ಟ ಸಿದ್ಧಾಂತದ ತಿರುಳೂ ಹೆಚ್ಚುಕಡಿಮೆ ಇದೇ.

ನಾವು ದೊಡ್ಡವರು ಉತ್ತರ ಕೊಡುವುದು ಬರೀ ಎರಡನೇ ಪ್ರಶ್ನೆಗೆ. "ಓದಿದ್ರ ನೌಕರಿ ಸಿಗತೈತಿ, ಇಲ್ಲಾಂದ್ರ ಹೊಲದಾಗ ದುಡೀಬೇಕು." ಮೊದಲ ಪ್ರಶ್ನೆಗೇ ಸೋತು ಕೂತ ಮಗುವಿಗೆ ಈ ಮಾತಿನಿಂದ ಭಯ ಹೆಚ್ಚುತ್ತದೆ, ಅಷ್ಟೇ. ಇಷ್ಟು ಮುಖ್ಯವಾದದ್ದು ನನ್ನಿಂದ ಆಗುತ್ತಿಲ್ಲವಲ್ಲ ಎಂದು ಇನ್ನಷ್ಟು ಕುಗ್ಗುತ್ತದೆ.

ತಿಕೋಟಾ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ "ಗಣಿತ ನನ್ನ ತಲಿಗಿ ಹತ್ತೂದಿಲ್ರಿ" ಅಂದ. ಅವರದು ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡೂ ಇದೆ. ಒಣಗಿಸುವ ಮೊದಲು ಗೊಂಚಲನ್ನು ಅದ್ದುವ ನೀರಿಗೆ ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಹಾಕುತ್ತಾರೆ. 200 ಲೀಟರಿನ ಡ್ರಮ್ಮಿಗೆ ಎಷ್ಟು ಅಂತ ಕೇಳಿದೆ. "ಐದು ಕೆಜಿ ಪೌಡರ್, ಮೂರು ಲೀಟರ್ ಎಣ್ಣಿ." ತಡವರಿಸಲೇ ಇಲ್ಲ. ಸುಮಾರು ನಾಲ್ಕು ಕೆಜಿ ಹಸಿ ದ್ರಾಕ್ಷಿಗೆ ಒಂದು ಕೆಜಿ ಒಣದ್ರಾಕ್ಷಿ ಬರುತ್ತದೆ ಅನ್ನುವುದೂ ಅವನಿಗೆ ಗೊತ್ತು. "ಇದು ಅನುಪಾತ ಅಲ್ವಾ ತಮ್ಮಾ?" ಅಂದರೆ, "ಇದು ಮನಿ ಲೆಕ್ಕ ಬಿಡ್ರಿ, ಸಾಲಿ ಲೆಕ್ಕ ಬ್ಯಾರೆ" ಅಂದುಬಿಟ್ಟ.

ಇಂಥ ಕಡೆ ಉಪದೇಶ ನಡೆಯುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಕ್ರಿಸ್ ಹಲ್ಲೆಮನ್ ಮತ್ತು ಜುಡಿತ್ ಹರಾಕಿವಿಚ್ 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಹೈಸ್ಕೂಲ್ ಮಕ್ಕಳಲ್ಲಿ ಕೆಲವರಿಗೆ ವಿಜ್ಞಾನ ಪಾಠದ ಸಾರಾಂಶ ಬರೆಯಲು ಹೇಳಿದರು. ಉಳಿದವರಿಗೆ ಆ ಪಾಠ ತಮ್ಮ ಬದುಕಿಗೆ ಹೇಗೆ ಸೇರುತ್ತದೆ ಎಂದು ಬರೆಯಲು ಹೇಳಿದರು. ತಮ್ಮಿಂದ ಆಗದು ಅಂದುಕೊಂಡಿದ್ದ ಮಕ್ಕಳಲ್ಲೇ ಎರಡನೇ ಬಗೆಯ ಬರವಣಿಗೆಯಿಂದ ಆಸಕ್ತಿಯೂ ಅಂಕವೂ ಏರಿದವು. ಉಪಯೋಗವನ್ನು ಹುಡುಕಿದ್ದು ಮಕ್ಕಳೇ, ಮೇಷ್ಟ್ರು ಹೇಳಿಕೊಟ್ಟಿದ್ದಲ್ಲ. ನಾನು ಆ ಹುಡುಗನಿಗೂ ಡ್ರಮ್ಮಿನ ಲೆಕ್ಕವನ್ನು ಪುಸ್ತಕದ ಲೆಕ್ಕದಂತೆ ಬರೆದು ತರಲು ಹೇಳಿದೆ. ಬರೆದು ತಂದ. ಗಣಿತ ಇಷ್ಟವಾಯಿತೋ ಇಲ್ಲವೋ, ಅನುಪಾತದ ಪಾಠವನ್ನಂತೂ ಬಿಟ್ಟು ಮುಂದೆ ಹೋಗಲಿಲ್ಲ.

ಇನ್ನು ಮೊದಲ ಪ್ರಶ್ನೆ. ಟೆಸ್ಟ್ ಪೇಪರ್ ಕೈಗೆ ಬಂದಾಗ ಮಗು ಹೇಳುವ ಕಾರಣಕ್ಕೆ ಕಿವಿಗೊಡಿ. "ನನ್ನ ತಲೀನ ಅಷ್ಟು" ಅಂದರೆ ಬದಲಾಗುವ ದಾರಿಯನ್ನೇ ಅದು ಮುಚ್ಚಿಕೊಂಡಿದೆ. "ಓದಿದ ರೀತಿ ಸರಿ ಇರಲಿಲ್ಲ" ಅಂದರೆ ದಾರಿ ಇದೆ. ಹಾಗಂತ "ಕಷ್ಟಪಡು, ಬರುತ್ತೆ" ಅನ್ನುವುದು ಎಲ್ಲರಿಗೂ ಮದ್ದಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳು ಗೈಡಿನ ಉತ್ತರವನ್ನು ಹತ್ತು ಸಲ ಬರೆದು ಬರೆದು ರಾತ್ರಿ ಕಳೆಯುತ್ತಾರೆ. ಅವರು ಕಷ್ಟಪಟ್ಟಾಗಿದೆ. ಇನ್ನೂ ಕಷ್ಟಪಡು ಅಂದರೆ, ಇಷ್ಟಾದರೂ ಬರಲಿಲ್ಲ, ಅಂದರೆ ತಲೆಯೇ ಸರಿ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅವರಿಗೆ ಬೇಕಾದದ್ದು ಬೇರೆ ವಿಧಾನ. ಗೈಡ್ ಮುಚ್ಚಿ ಒಂದು ಲೆಕ್ಕ ಮಾಡುವುದು, ಎಲ್ಲಿ ನಿಂತಿತೋ ಅಲ್ಲಿಂದ ಶುರು ಮಾಡುವುದು. ಮೊದಲು ಖಂಡಿತ ಬರುವಂಥ ಲೆಕ್ಕಗಳನ್ನೇ ಕೊಡಿ. "ನನ್ನಿಂದ ಆಗುತ್ತೆ" ಅನ್ನುವ ನಂಬಿಕೆಗೆ ಹೊಗಳಿಕೆಗಿಂತ ಮಾಡಿ ಗೆದ್ದ ಅನುಭವವೇ ಗಟ್ಟಿ ಬುನಾದಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಇದನ್ನು ಹೇಳಿದ್ದಾರೆ.

ಮೊದಲು ಹೇಳಿದ ಎಕಲ್ಸ್ ಅವರ ಸಿದ್ಧಾಂತದಲ್ಲಿ ಇನ್ನೊಂದು ಭಾಗವಿದೆ, ಓದಿಗಾಗಿ ಮಗು ತೆರಬೇಕಾದ ಬೆಲೆ. ಪೋಷಕರ ಸಭೆಗಳಲ್ಲಿ ಇದರ ಸುದ್ದಿಯೇ ಬರುವುದಿಲ್ಲ. ನಮ್ಮ ಕಡೆ ಒಣದ್ರಾಕ್ಷಿ ಕೆಲಸ ಜೋರಾಗಿ ನಡೆಯುವುದೂ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವುದೂ ಸುಮಾರು ಒಂದೇ ಹೊತ್ತಿಗೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಶೆಡ್ಡಿಗೆ ಹೋಗದಿದ್ದರೆ ಅವಳ ಕೆಲಸ ಅವ್ವನ ಹೆಗಲಿಗೆ. ಹತ್ತನೇದು ಮುಗಿದ ಮೇಲೆ ಪಿಯುಸಿಗೆ ಕಳಿಸುವುದಿಲ್ಲ ಅಂತ ಮನೆಯಲ್ಲಿ ಮೊದಲೇ ಹೇಳಿಯಾಗಿರುತ್ತದೆ. ಅಂಥವಳು ಪುಸ್ತಕ ಮುಚ್ಚಿಟ್ಟರೆ ಸೋಮಾರಿ ಅನ್ನುವುದು ಯಾವ ನ್ಯಾಯ? ಅವಳ ಲೆಕ್ಕ ಸರಿಯಾಗಿಯೇ ಇದೆ. ಇಂಥ ಕೇಸಿನಲ್ಲಿ ನಾನು ಮಗುವಿಗೆ ಬುದ್ಧಿ ಹೇಳಲು ಹೋಗುವುದಿಲ್ಲ. ಅಪ್ಪ ಅವ್ವನನ್ನೇ ಕರೆದು ಎರಡು ವಿಷಯ ಕೇಳುತ್ತೇನೆ: ಪರೀಕ್ಷೆ ಮುಗಿಯುವವರೆಗೆ ಶೆಡ್ಡಿನಲ್ಲಿ ಅವಳ ಬದಲು ಯಾರು, ಪಾಸಾದರೆ ಪಿಯುಸಿಗೆ ಕಳಿಸುತ್ತೀರೋ ಇಲ್ಲವೋ. ಎರಡಕ್ಕೂ ಉತ್ತರ ಅವಳ ಎದುರಿಗೇ ಕೊಡಿ ಅನ್ನುತ್ತೇನೆ.