ಓದುಗರ ಪ್ರಶ್ನೆ: ಒಪ್ಪಿಕೊಂಡೇ ಹೋದವರಿಗೆ ಅನ್ಯಾಯ ಹೇಗಾಯಿತು?

ಪ್ರಶ್ನೆ: ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್‌ಗಾಗಿ ದುಡಿದ ಕಾರ್ಮಿಕರನ್ನು ಯಾರೂ ಕೈಕಾಲು ಕಟ್ಟಿ ಎಳೆದುಕೊಂಡು ಹೋಗಿರಲಿಲ್ಲ. ಇಲ್ಲಿಗಿಂತ ಹೆಚ್ಚು ಸಂಬಳ ಸಿಗುತ್ತದೆಂದು ಸಹಿ ಹಾಕಿ ಹೋದವರು. ಹಾಗಿದ್ದ ಮೇಲೆ ಅಷ್ಟೊಂದು ಗಲಾಟೆ ಏಕೆ?

ಉತ್ತರ: ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. 2022ರ ಡಿಸೆಂಬರ್ 18ರ ಭಾನುವಾರ ರಾತ್ರಿ ಅರ್ಜೆಂಟೀನಾ ಗೆದ್ದ ಮರುದಿನವೇ ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಬೆಳಗಿನ ನಡಿಗೆಯ ಗೆಳೆಯರೊಬ್ಬರು ಕೇಳಿದರು. ಆಮೇಲೆ ಹಳೆಯ ವಿದ್ಯಾರ್ಥಿಗಳು ಕೇಳಿದರು. 2034ರ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಎಂದು 2024ರ ಡಿಸೆಂಬರ್‌ನಲ್ಲಿ ಘೋಷಣೆಯಾದಾಗ ಮತ್ತೆ ಶುರುವಾಯಿತು. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಒಂದೇ ಪ್ರಶ್ನೆ ಹತ್ತು ಸಲ ಬಂದರೆ ಹತ್ತು ಸಲವೂ ಹೇಳಬೇಕು, ಅದಕ್ಕೆ ಬೇಸರವಿಲ್ಲ. ಆದರೆ ಕೇಳುವವರು ಗುಳೆ, ಮುಂಗಡ, ಜೀತ ಎಂಬ ಮಾತುಗಳನ್ನು ಮನೆಯಲ್ಲೇ ಕೇಳಿ ಬೆಳೆದ ನಮ್ಮ ಜಿಲ್ಲೆಯವರು ಎಂಬುದು ಮಾತ್ರ ಪ್ರತಿ ಸಲವೂ ನೋಯಿಸುತ್ತದೆ.

ಉಳಿದ ವಿವಾದಗಳನ್ನು ಬೇಗ ಮುಗಿಸುತ್ತೇನೆ. 2022ರ ವಿಶ್ವಕಪ್ ಯಾವ ದೇಶಕ್ಕೆ ಎಂದು ತೀರ್ಮಾನಿಸಲು 2010ರ ಡಿಸೆಂಬರ್ 2ರಂದು ಜ್ಯೂರಿಕ್‌ನಲ್ಲಿ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ಕಾರ್ಯಕಾರಿ ಸಮಿತಿಯ 22 ಮಂದಿ ಮತ ಹಾಕಿದರು. ಕೊನೆಯ ಸುತ್ತಿನಲ್ಲಿ ಕತಾರ್ 14, ಅಮೆರಿಕ 8. ಸಮಿತಿಯಲ್ಲಿ ಇರಬೇಕಾದವರು 24. ಮತ ಮಾರಿಕೊಳ್ಳಲು ಸಿದ್ಧರಿದ್ದರೆಂದು ಪತ್ರಿಕೆಯೊಂದರ ರಹಸ್ಯ ಕಾರ್ಯಾಚರಣೆ ಬಯಲು ಮಾಡಿದ ಮೇಲೆ ಇಬ್ಬರನ್ನು ಅದಕ್ಕೂ ಮೊದಲೇ ಅಮಾನತು ಮಾಡಲಾಗಿತ್ತು. ಜೂನ್–ಜುಲೈ ಬಿಸಿಲಿನಲ್ಲಿ ಆಡಲಾಗದೆಂದು ಪಂದ್ಯಾವಳಿಯನ್ನೇ ನವೆಂಬರ್‌ಗೆ ತಳ್ಳಿದರು. ಸಲಿಂಗ ಪ್ರೇಮ ಅಪರಾಧವಾಗಿರುವ ದೇಶದಲ್ಲಿ, ಅಂಥವರಿಗೆ ಬೆಂಬಲ ಸೂಚಿಸುವ ಬಣ್ಣಬಣ್ಣದ ತೋಳುಪಟ್ಟಿಯನ್ನು ತಂಡದ ನಾಯಕರು ಕಟ್ಟಿದರೆ ಹಳದಿ ಕಾರ್ಡ್ ಎಂದು ಫಿಫಾ ಎಚ್ಚರಿಸಿತು. ಅದನ್ನು ಪ್ರತಿಭಟಿಸಿ ಜಪಾನ್ ವಿರುದ್ಧದ ಪಂದ್ಯಕ್ಕೆ ಮುನ್ನ ಜರ್ಮನಿಯ ಆಟಗಾರರು ಬಾಯಿಗೆ ಕೈ ಅಡ್ಡ ಹಿಡಿದು ಚಿತ್ರಕ್ಕೆ ನಿಂತದ್ದನ್ನು ನೀವೂ ನೋಡಿದ್ದೀರಿ. ಇವೆಲ್ಲ ದೊಡ್ಡ ವಿಷಯಗಳೇ. ಆದರೆ ನಮ್ಮ ಊರಿನವರ ಕರುಳಿಗೆ ತಾಗಬೇಕಾದದ್ದು ಕಾರ್ಮಿಕರ ವಿಷಯ. ಏಕೆಂದರೆ ಅಲ್ಲಿ ದುಡಿದವರಲ್ಲಿ, ಸತ್ತವರಲ್ಲಿ ಹೆಚ್ಚಿನವರು ನಮ್ಮ ಉಪಖಂಡದವರು.

ಸಂಖ್ಯೆಯನ್ನು ಮೊದಲು ಸರಿಪಡಿಸಿಕೊಳ್ಳೋಣ. ‘ಕ್ರೀಡಾಂಗಣ ಕಟ್ಟುವಾಗ 6,500 ಜನ ಸತ್ತರು’ ಎಂದು ಮೊಬೈಲ್‌ನಲ್ಲಿ ಹರಿದಾಡುವ ಮಾತು ತಪ್ಪು. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ಹೇಳಿದ್ದು, ಭಾರತ, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಶ್ರೀಲಂಕಾದ 6,500ಕ್ಕೂ ಹೆಚ್ಚು ವಲಸೆ ಕಾರ್ಮಿಕರು ವಿಶ್ವಕಪ್ ಸಿಕ್ಕ ನಂತರದ ಹತ್ತು ವರ್ಷಗಳಲ್ಲಿ ಕತಾರ್‌ನಲ್ಲಿ ಸತ್ತಿದ್ದಾರೆ ಎಂದು. ಎಲ್ಲ ಕೆಲಸದವರೂ, ಎಲ್ಲ ಕಾರಣದ ಸಾವುಗಳೂ ಅದರಲ್ಲಿ ಸೇರಿವೆ. ಅವರಲ್ಲಿ ಭಾರತೀಯರೇ 2,711. ಇನ್ನೊಂದು ಕಡೆ, ಕ್ರೀಡಾಂಗಣಗಳಲ್ಲಿ ಕೆಲಸದಿಂದಾಗಿ ಸತ್ತವರು ಮೂವರೇ ಎಂದು ಆಯೋಜಕರು ಹೇಳುತ್ತಾ ಬಂದರು. ಅದೇ ಆಯೋಜನಾ ಸಮಿತಿಯ ಮುಖ್ಯಸ್ಥ ಹಸನ್ ಅಲ್ ಥವಾದಿ ಪಂದ್ಯಾವಳಿ ನಡೆಯುತ್ತಿರುವಾಗಲೇ ಸಂದರ್ಶನವೊಂದರಲ್ಲಿ, ವಿಶ್ವಕಪ್‌ಗೆ ಸಂಬಂಧಿಸಿದ ಎಲ್ಲ ಕಾಮಗಾರಿ ಸೇರಿಸಿದರೆ 400ರಿಂದ 500 ಇರಬಹುದು ಎಂದರು.

ಲೆಕ್ಕ ಇಷ್ಟು ಹಿಗ್ಗಿ ಕುಗ್ಗುವುದಕ್ಕೆ ಒಂದು ಮುಖ್ಯ ಕಾರಣ ಮರಣ ಪತ್ರ. ನೂರಾರು ಮರಣ ಪತ್ರಗಳಲ್ಲಿ ‘ಸಹಜ ಸಾವು’, ‘ಹೃದಯ ಸ್ತಂಭನ’ ಎಂದಷ್ಟೇ ಬರೆಯಲಾಗಿತ್ತು. ಬಹಳಷ್ಟು ಪ್ರಕರಣಗಳಲ್ಲಿ ಮರಣೋತ್ತರ ಪರೀಕ್ಷೆಯೇ ಆಗಿರಲಿಲ್ಲ. ಸತ್ತವರೆಲ್ಲರಿಗೂ ಕೊನೆಗೆ ಹೃದಯ ನಿಲ್ಲುತ್ತದೆ, ಅದು ಕಾರಣ ಹೇಗಾದೀತು? ಕತಾರ್‌ನಲ್ಲಿ 2009ರಿಂದ 2017ರವರೆಗೆ ಹೃದಯದ ತೊಂದರೆಯಿಂದ ಸತ್ತ ನೇಪಾಳಿ ಕಾರ್ಮಿಕರ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಿಸಿಲಿನಿಂದ ಸರಿಯಾದ ರಕ್ಷಣೆ ಇದ್ದಿದ್ದರೆ ಆ 571 ಸಾವುಗಳಲ್ಲಿ 200ರಷ್ಟನ್ನು ತಪ್ಪಿಸಬಹುದಿತ್ತು ಎಂದು ಅದು ಹೇಳಿತು. ಇಪ್ಪತ್ತೈದು, ಮೂವತ್ತರ ಹುಡುಗರು ರಾತ್ರಿ ಮಲಗಿ ಬೆಳಗ್ಗೆ ಏಳದಿದ್ದರೆ ಅದನ್ನು ಸಹಜ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಕೆಲಸದಿಂದ ಸತ್ತ ಎಂದು ಬರೆದರೆ ಪರಿಹಾರ ಕೊಡಬೇಕು, ಸಹಜ ಎಂದು ಬರೆದರೆ ಇಲ್ಲ.

ಈಗ ನಿಮ್ಮ ಪ್ರಶ್ನೆಯ ಬೇರಿಗೆ ಬರುತ್ತೇನೆ. ಒಪ್ಪಿ ಹೋದವರು ಎಂಬ ಮಾತು.

ಮಳೆ ಕೈಕೊಟ್ಟ ವರ್ಷ ಜಗಳೂರು, ಮೊಳಕಾಲ್ಮುರು ಕಡೆಯಿಂದ ಕಾಫಿ ಸೀಮೆಗೆ ಗುಳೆ ಹೋಗುವವರನ್ನು ನೀವು ಬಸ್ ನಿಲ್ದಾಣದಲ್ಲಿ ಕಂಡಿರುತ್ತೀರಿ. ಸಿಮೆಂಟಿನ ಚೀಲದಲ್ಲಿ ಪಾತ್ರೆ, ಹೆಗಲ ಮೇಲೆ ಮಗು. ಅವರೂ ಒಪ್ಪಿಯೇ ಹೋಗುತ್ತಾರೆ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಆ ಮುಂಗಡ ತೀರುವ ತನಕ ಬಿಟ್ಟು ಬರುವ ಹಾಗಿಲ್ಲ, ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ ಎಂದಾದರೆ ಆಗ ಏನೆನ್ನುತ್ತೀರಿ? ನಮ್ಮ ಕಾನೂನು 1976ರಲ್ಲೇ ಅದಕ್ಕೆ ಹೆಸರಿಟ್ಟಿದೆ: ಜೀತ. ಸಾಲದ ಕಾರಣಕ್ಕೆ ಬೇರೆಡೆ ದುಡಿಯುವ, ಬೇಕಾದಲ್ಲಿಗೆ ಹೋಗುವ ಸ್ವಾತಂತ್ರ್ಯ ಹೋದರೆ ಅದು ಜೀತವೇ. ಮೊದಲ ದಿನ ನಗುತ್ತಾ ಹೆಬ್ಬೆಟ್ಟು ಒತ್ತಿದ್ದ ಎಂಬುದು ಅದನ್ನು ಬದಲಾಯಿಸುವುದಿಲ್ಲ.

ಕೊಲ್ಲಿಯ ದಾರಿಯಲ್ಲಿ ಈ ಮುಂಗಡ ತಿರುವು ಮುರುವಾಗುತ್ತದೆ. ಇಲ್ಲಿ ಮೇಸ್ತ್ರಿ ಕೂಲಿಯವನಿಗೆ ದುಡ್ಡು ಕೊಡುತ್ತಾನೆ. ಅಲ್ಲಿಗೆ ಹೋಗಬೇಕಾದರೆ ಕೂಲಿಯವನೇ ಏಜೆಂಟನಿಗೆ ಕೊಡಬೇಕು. ಹೆಂಡತಿಯ ತಾಳಿ ಅಡವಿಟ್ಟು, ಬಡ್ಡಿಗೆ ತಂದು ಕೊಡುತ್ತಾನೆ. ವಿಮಾನ ಇಳಿದಾಗ ಅವನ ತಲೆಯ ಮೇಲೆ ಆಗಲೇ ಸಾಲವಿದೆ. ಹೇಳಿದ ಸಂಬಳ ಒಂದು, ಅಲ್ಲಿ ಸಹಿ ಮಾಡಿಸುವ ಹೊಸ ಕಾಗದದಲ್ಲಿರುವುದು ಇನ್ನೊಂದು. ಆಗ ಆತ ‘ಬೇಡ, ಊರಿಗೆ ಹೋಗುತ್ತೇನೆ’ ಎನ್ನಬಲ್ಲನೇ? ಕಾರ್ಮಿಕರಿಂದ ಈ ಶುಲ್ಕ ವಸೂಲು ಮಾಡುವುದು ಕತಾರ್‌ನ ಕಾನೂನಿಗೇ ವಿರುದ್ಧ. ವಿಶ್ವಕಪ್ ಗುತ್ತಿಗೆದಾರರ ಮೂಲಕ ಸಾವಿರಾರು ಕಾರ್ಮಿಕರಿಗೆ ಆ ಹಣವನ್ನು ಕಂತಿನಲ್ಲಿ ಹಿಂದಿರುಗಿಸುವ ಏರ್ಪಾಟನ್ನು ಅಲ್ಲಿನ ಆಯೋಜನಾ ಸಮಿತಿಯೇ ಮಾಡಿತು. ಎಲ್ಲವೂ ಒಪ್ಪಂದದಂತೆ ನ್ಯಾಯವಾಗಿಯೇ ನಡೆದಿದ್ದರೆ ಹಿಂದಿರುಗಿಸುವುದು ಏಕೆ ಬೇಕಿತ್ತು?

ಇದರ ಮೇಲೆ ಕಫಾಲಾ ಎಂಬ ಅಲ್ಲಿನ ಪ್ರಾಯೋಜಕತ್ವದ ಪದ್ಧತಿ. ಕೆಲಸ ಕೊಟ್ಟವನೇ ಪ್ರಾಯೋಜಕ. ಆಗ ಆತನ ಒಪ್ಪಿಗೆ ಇಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ, ದೇಶ ಬಿಟ್ಟು ಹೊರಡುವಂತೆಯೂ ಇರಲಿಲ್ಲ. ಹೇಳದೆ ಹೊರಟರೆ ‘ಓಡಿಹೋದ’ ಎಂಬ ದೂರು. ಒಳಗೆ ಹೋಗುವಾಗ ಕೇಳಿದ ಒಪ್ಪಿಗೆಯನ್ನು ಹೊರಗೆ ಬರುವಾಗ ಕೇಳುವುದೇ ಇಲ್ಲ ಎಂದಾದರೆ, ಅಂಥ ಒಪ್ಪಿಗೆಗೆ ಏನು ಬೆಲೆ?

ಬಡ ಕೂಲಿಯವರ ಮಾತಾಯಿತು, ಓದು ಬರಹ ಬಲ್ಲವರಿಗೆ ಹೀಗಾಗುವುದಿಲ್ಲ ಎನ್ನುವವರೂ ಇದ್ದಾರೆ. ಅವರಿಗೆ ನಾನು ಜಾಹಿರ್ ಬೆಲೂನಿಸ್ ಕಥೆ ಹೇಳುತ್ತೇನೆ. ಫ್ರಾನ್ಸ್‌ನ ವೃತ್ತಿಪರ ಫುಟ್‌ಬಾಲ್ ಆಟಗಾರ. ಕತಾರ್‌ನ ಕ್ಲಬ್ಬಿಗೆ ಒಪ್ಪಂದ ಮಾಡಿಕೊಂಡು, ಒಳ್ಳೆಯ ಸಂಬಳಕ್ಕೆ ಹೋದವರು. ಸಂಬಳ ಬಾಕಿಯ ತಕರಾರು ನ್ಯಾಯಾಲಯಕ್ಕೆ ಹೋಯಿತು. ನಿರ್ಗಮನ ಪರವಾನಗಿ ಸಿಗಲಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಅಲ್ಲೇ ಸಿಕ್ಕಿಕೊಂಡರು. ಫ್ರಾನ್ಸ್ ಸರ್ಕಾರ, ಆಟಗಾರರ ಸಂಘ, ಪತ್ರಿಕೆಗಳು ಎಲ್ಲ ಸೇರಿ ಒತ್ತಾಯಿಸಿದ ಮೇಲೆ 2013ರ ನವೆಂಬರ್‌ನಲ್ಲಿ ಹೊರಗೆ ಬಂದರು. ಆ ಹೊತ್ತಿಗೆ ಕತಾರ್‌ಗೆ ವಿಶ್ವಕಪ್ ಸಿಕ್ಕು ಮೂರು ವರ್ಷವಾಗುತ್ತಾ ಬಂದಿತ್ತು. ಹೆಸರಿದ್ದ ಆಟಗಾರನಿಗೇ ಈ ಪಾಡಾದರೆ, ಕಬ್ಬಿಣ ಕಟ್ಟುವ ಹುಡುಗನಿಗೆ ಯಾವ ಸಂಘ, ಯಾವ ಪತ್ರಿಕೆ ಬರಬೇಕು?

ಇನ್ನೊಂದು ಸಾಕ್ಷಿ ನಮ್ಮ ದೇಶದ್ದೇ. ಇದನ್ನು ತರಗತಿಯಲ್ಲಿ ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಮೈ ನವಿರೇಳುತ್ತಿತ್ತು. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಮೇಲ್ಸೇತುವೆ, ಕ್ರೀಡಾಂಗಣ, ಕ್ರೀಡಾಗ್ರಾಮ ಕಟ್ಟಲು ಬೇರೆ ಬೇರೆ ರಾಜ್ಯಗಳಿಂದ ಕೂಲಿಗಳು ಬಂದಿದ್ದರು. ಆಗಿನ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅದನ್ನು ಜಮಾದಾರನ ಕೈಗೆ ಕೊಡುತ್ತಿದ್ದ, ಜಮಾದಾರ ತಲೆಗೆ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆ ಕೊಡುತ್ತಿದ್ದ. ಒಂದೇ ಒಂದು ರೂಪಾಯಿ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿಗೆ ಪತ್ರ ಬರೆಯಿತು. ಆ ಪತ್ರವೇ ಅರ್ಜಿಯಾಯಿತು.

ಅಲ್ಲಿಯೂ ನಿಮ್ಮದೇ ಪ್ರಶ್ನೆ ಎದ್ದಿತ್ತು: ತಾನಾಗಿ ಬಂದು ದುಡಿದವನದು ಬಲವಂತದ ದುಡಿಮೆ ಹೇಗಾಗುತ್ತದೆ? 1982ರ ಸೆಪ್ಟೆಂಬರ್ 18ರಂದು ಬಂದ ತೀರ್ಪು ಅದಕ್ಕೆ ನೇರ ಉತ್ತರ ಕೊಟ್ಟಿತು. ಬಲವಂತ ಎಂದರೆ ಬಡಿಗೆ ಹಿಡಿದು ನಿಲ್ಲುವುದಷ್ಟೇ ಆಗಬೇಕಿಲ್ಲ. ಹಸಿವು, ಬಡತನ ಬೇರೆ ದಾರಿಯೇ ಇಲ್ಲದಂತೆ ಮಾಡಿ ಮನುಷ್ಯನನ್ನು ದುಡಿಮೆಗೆ ನೂಕಿದರೆ ಅದೂ ಬಲವಂತವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಕ್ರೀಡಾಕೂಟ ಶುರುವಾಗುವುದಕ್ಕೆ ಇನ್ನು ಎರಡು ತಿಂಗಳಿತ್ತು. ಕತಾರ್ ವಿಷಯ ಬಂದಾಗ ‘ಇದು ಪಾಶ್ಚಾತ್ಯರು ಎಬ್ಬಿಸಿದ ಗುಲ್ಲು’ ಎನ್ನುತ್ತಾರಲ್ಲ, ಅವರು ಈ ತೀರ್ಪನ್ನು ದಯವಿಟ್ಟು ಓದಬೇಕು. ಯುರೋಪಿನವರು ಕತಾರ್‌ನ ವಿಶ್ವಕಪ್ ಕಾರ್ಮಿಕರ ಮಾತೆತ್ತುವುದಕ್ಕೂ ಬಹಳ ಮೊದಲೇ, ಆಟದ ಸಂಭ್ರಮಕ್ಕಾಗಿ ದುಡಿದವನ ಒಂದು ರೂಪಾಯಿಯ ಬಗ್ಗೆ ನಮ್ಮ ನ್ಯಾಯಾಲಯ ತಲೆ ಕೆಡಿಸಿಕೊಂಡಿತ್ತು. ಅದು ನಮ್ಮ ಹೆಮ್ಮೆ. ಅದನ್ನು ಮರೆತು ‘ಒಪ್ಪಿ ಹೋದವರು ತಾನೇ’ ಎನ್ನುವಾಗ ನಮ್ಮದೇ ಆಸ್ತಿಯನ್ನು ನಾವು ಕೈಬಿಡುತ್ತಿದ್ದೇವೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಗಲಾಟೆಯಿಂದ ಅಲ್ಲಿ ಕೆಲವು ಬದಲಾವಣೆ ಆಯಿತು. ನಿರ್ಗಮನ ಪರವಾನಗಿ 2018ರಿಂದ ಹಂತ ಹಂತವಾಗಿ ಹೋಯಿತು. ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕಿಲ್ಲ ಎಂದು 2020ರಲ್ಲಿ ಕಾನೂನಾಯಿತು. 2021ರ ಮಾರ್ಚ್‌ನಿಂದ ಎಲ್ಲ ದೇಶದವರಿಗೂ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಸಂಬಳ ಜಾರಿಗೆ ಬಂತು. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನ ಕೆಲಸ ನಿಷೇಧವಾಯಿತು. ಗಲಾಟೆ ಏಕೆ ಎಂದು ಕೇಳಿದಿರಿ, ಗಲಾಟೆ ಮಾಡಿದ್ದಕ್ಕೇ ಇಷ್ಟಾದರೂ ಆದದ್ದು. ಜಾರಿಯಲ್ಲಿ ಲೋಪ ಬಹಳ. ಸತ್ತವರ ಕುಟುಂಬಗಳಿಗೆ, ಸಂಬಳ ಕಳೆದುಕೊಂಡವರಿಗೆ ಪರಿಹಾರವಾಗಿ, ತಂಡಗಳ ಬಹುಮಾನದ ಮೊತ್ತದಷ್ಟೇ ಅಂದರೆ 44 ಕೋಟಿ ಡಾಲರ್ ತೆಗೆದಿಡಿ ಎಂದು ಮಾನವ ಹಕ್ಕುಗಳ ಸಂಘಟನೆ ಆಮ್ನೆಸ್ಟಿ ಫಿಫಾವನ್ನು ಕೇಳಿತ್ತು. ಫಿಫಾ 2024ರಲ್ಲಿ 5 ಕೋಟಿ ಡಾಲರ್‌ನ ನಿಧಿ ಘೋಷಿಸಿತು. ಅದು ಹೋದದ್ದು ವಿಶ್ವ ಆರೋಗ್ಯ ಸಂಸ್ಥೆಯಂಥ ಅಂತಾರಾಷ್ಟ್ರೀಯ ಸಂಸ್ಥೆಗಳ ಯೋಜನೆಗಳಿಗೆ, ಆ ಮನೆಗಳಿಗಲ್ಲ.

ಇಲ್ಲಿಗೆ ಉತ್ತರ ಮುಗಿಯಿತು. ಆದರೆ ಯಾರೂ ಕೇಳದ ಒಂದು ಸಂಗತಿ ಹೇಳದೆ ಪೆನ್ನು ಕೆಳಗಿಡಲು ಮನಸ್ಸಿಲ್ಲ. 2034ಕ್ಕೆ ಸೌದಿಯಲ್ಲಿ ಹದಿನೈದು ಕ್ರೀಡಾಂಗಣ ಸಿದ್ಧವಾಗಬೇಕು, ಹೆಚ್ಚಿನವು ಹೊಸದಾಗಿ ಕಟ್ಟಬೇಕಾದವು. ಅಲ್ಲಿಗೆ ನಮ್ಮ ಹುಡುಗರೂ ಹೋಗುತ್ತಾರೆ.

ಕಳೆದ ಬೇಸಿಗೆಯಲ್ಲಿ ಜಗಳೂರು ತಾಲ್ಲೂಕಿನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ವೆಲ್ಡಿಂಗ್ ಕೆಲಸ ಬಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟು, ಅದರ ನಾಲ್ಕು ಜೆರಾಕ್ಸ್, ಮಡಚಿ ಮಡಚಿ ಗೆರೆಯಲ್ಲಿ ಹರಿಯಲಾರಂಭಿಸಿದ್ದ ಒಂದು ಹಾಳೆ. ಹಾಳೆಯ ಒಂದು ಬದಿ ಅರಬ್ಬಿ, ಇನ್ನೊಂದು ಬದಿ ಇಂಗ್ಲಿಷ್. ಸಂಬಳದ ಜಾಗ ಖಾಲಿ. “ಅಲ್ಲಿಗೆ ಹೋದ ಮೇಲೆ ತುಂಬುತ್ತಾರಂತೆ ಸರ್” ಎಂದ. “ನಾನು ಎಸ್‌ಎಸ್‌ಎಲ್‌ಸಿ ಪಾಸಾಗಿದ್ದೇನಲ್ಲ, ನನಗೆ ಯಾವ ಕ್ಲಿಯರೆನ್ಸೂ ಬೇಡವಂತೆ” ಎಂದು ಸಂತೋಷದಿಂದ ಹೇಳಿದ.

ಆ ಸಂತೋಷ ನನ್ನನ್ನು ಹೆದರಿಸಿತು. ಹತ್ತನೇ ತರಗತಿ ಪಾಸಾಗದವರು ಸೌದಿ, ಕತಾರ್, ಕುವೈತ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಆ ಹೊತ್ತಿನಲ್ಲಿ ಒಪ್ಪಂದದ ಕಾಗದ ಪರಿಶೀಲನೆಯಾಗುತ್ತದೆ, ಅಪಘಾತದಲ್ಲಿ ಸತ್ತರೆ 10 ಲಕ್ಷ ರೂಪಾಯಿ ಕೊಡುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯ. ಪಾಸಾದವನಿಗೆ ಈ ಯಾವುದೂ ಕಡ್ಡಾಯವಲ್ಲ. ಓದಿದವನು ತನ್ನನ್ನು ತಾನು ಕಾಪಾಡಿಕೊಳ್ಳುತ್ತಾನೆ ಎಂದು ಕಾನೂನು ಭಾವಿಸಿದೆ. ನಾನೇ ಪಾಠ ಹೇಳಿ ಪಾಸು ಮಾಡಿಸಿದ ಹುಡುಗ ಅದೇ ಕಾರಣಕ್ಕೆ ಆ ರಕ್ಷಣೆಯ ಹೊರಗೆ ನಿಂತಿದ್ದ.

ಅವನನ್ನು ಕೂರಿಸಿ ಹೇಳಿದೆ. ಏಜೆಂಟನ ನೋಂದಣಿ ಸಂಖ್ಯೆ ಕೇಳು, ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದು ಇದೆಯೇ ನೋಡೋಣ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಸಂಬಳ ತುಂಬದ ಕಾಗದಕ್ಕೆ ಸಹಿ ಹಾಕಬೇಡ. ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆಂದರೆ ಅಲ್ಲೇ ಎದ್ದು ಬಾ. ಪಾಸ್‌ಪೋರ್ಟಿನ ಒಂದು ಪ್ರತಿ ನಿನ್ನ ತಾಯಿಯ ಹತ್ತಿರ ಇರಲಿ. ನಿನಗೆ ಕಡ್ಡಾಯವಲ್ಲದಿದ್ದರೂ ಒಂದು ವಿಮೆ ಮಾಡಿಸಿಕೊಂಡೇ ಹೊರಡು.

“ಅವರು ಒಂದು ಲಕ್ಷ ನಲವತ್ತು ಸಾವಿರ ಕೇಳಿದ್ದಾರೆ ಸರ್” ಎಂದ.

“ರಸೀದಿ ಕೊಡುತ್ತಾರಾ?”

ಅವನು ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡುತ್ತಾ ಕುಳಿತ. “ರಸೀದಿ ಕೇಳಿದರೆ ಬೇರೆಯವರನ್ನು ಕಳಿಸುತ್ತೇವೆ ಅಂದರು ಸರ್.”