ಅಳತೆಪಟ್ಟಿ ಹಿಡಿದು ಜೈಲಿಗೆ ಹೋದವರು

ಸಂಶೋಧನಾ ವಿಧಾನದ ಪಾಠದಲ್ಲಿ ‘ಪಾಸಿಟಿವಿಸಂ’ ಎಂದೊಡನೆ ಪ್ರತಿವರ್ಷ ಒಬ್ಬಿಬ್ಬರು ‘ಸಕಾರಾತ್ಮಕ ಚಿಂತನೆ’ ಎಂದು ಬರೆದುಕೊಳ್ಳುತ್ತಾರೆ. ಅದಕ್ಕೂ ಇದಕ್ಕೂ ನಂಟಿಲ್ಲ. ಕಣ್ಣಿಗೆ ಕಂಡು ಅಳತೆಗೆ ಸಿಕ್ಕಿದ್ದಷ್ಟೇ ಪ್ರಮಾಣ ಎನ್ನುವ ನಿಲುವು ಇದು. ಕನ್ನಡದಲ್ಲಿ ‘ಪ್ರತ್ಯಕ್ಷವಾದ’ ಎಂದರೆ ಸಾಕು.

ಅಪರಾಧಶಾಸ್ತ್ರದಲ್ಲಿ ಇದರ ಕಥೆ ತಲೆಬುರುಡೆಯೊಂದರ ಸುತ್ತ ಬೆಳೆದದ್ದು. ಕಳವಿಗಾಗಿ ಶಿಕ್ಷೆಯಾಗಿದ್ದ, ದಕ್ಷಿಣ ಇಟಲಿಯ ಕಲಾಬ್ರಿಯಾದ ಜುಸೆಪ್ಪೆ ವಿಲ್ಲೆಲ್ಲಾನ ಬುರುಡೆ ಅದು. ಹಿಂದಲೆಯ ಒಳಬದಿಯಲ್ಲಿ ಏಣು ಇರಬೇಕಾದ ಕಡೆ ಸಣ್ಣ ಗುಳಿಯೊಂದು ವೈದ್ಯ ಚೆಸಾರೆ ಲೊಂಬ್ರೊಸೊಗೆ ಕಂಡಿತು. ಕೆಲವು ಪ್ರಾಣಿಗಳಲ್ಲಿ ಅಂಥ ಗುಳಿ ಉಂಟು. ಹಾಗಾದರೆ ಅಪರಾಧಿಯು ವಿಕಾಸದ ಹಿಂದಿನ ಮೆಟ್ಟಿಲಿಗೆ ಜಾರಿದವನೇ ಇರಬೇಕು ಎಂದು ಆತ ತರ್ಕಿಸಿದ. 1876ರಲ್ಲಿ ಪುಸ್ತಕವೇ ಬಂತು. ದೊಡ್ಡ ದವಡೆ, ಚಾಚಿದ ಕಿವಿ, ಉದ್ದನೆಯ ತೋಳು ಎಲ್ಲವೂ ಹುಟ್ಟು ಅಪರಾಧಿಯ ಲಕ್ಷಣಗಳಾದವು. ಬುರುಡೆಯನ್ನು ಮರಳಿಸಿ ಎಂದು ವಿಲ್ಲೆಲ್ಲಾನ ಹುಟ್ಟೂರಿನವರು ನ್ಯಾಯಾಲಯದವರೆಗೂ ಹೋದರು. ಅದು ಟ್ಯುರಿನ್‌ನ ವಸ್ತುಸಂಗ್ರಹಾಲಯದಲ್ಲೇ ಉಳಿಯಿತು.

ಲೊಂಬ್ರೊಸೊನನ್ನು ನೋಡಿ ನಗುವುದು ಸುಲಭ. ಆದರೆ ಅವನನ್ನು ಕೆಡವಿದ್ದೂ ಅಳತೆಯೇ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ವಿದ್ಯಾರ್ಥಿಗಳು, ಸೈನಿಕರು ಮೊದಲಾದವರ ಅಳತೆಗಳ ಪಕ್ಕದಲ್ಲಿಟ್ಟ. ಜೈಲಿನಾಚೆಯೂ ಅಂಥದೇ ಕಿವಿಗಳಿದ್ದವು! ಅಪರಾಧಿಯೆಂಬ ಬೇರೆ ದೇಹಮಾದರಿ ಇಲ್ಲವೆಂದು 1913ರಲ್ಲಿ ಪ್ರಕಟಿಸಿದ. ಹೋಲಿಕೆಗೊಂದು ಗುಂಪು ಏಕೆ ಬೇಕೆಂದು ಕೇಳುವವರಿಗೆ ನಾನು ಈಗಲೂ ಹೇಳುವುದು ಇದೇ ಕಥೆಯನ್ನು.

ಗೋರಿಂಗ್‌ನ ಮೇಲೂ ನನಗೊಂದು ತಕರಾರಿದೆ. ಕೈದಿಗಳು ಎತ್ತರ, ತೂಕಗಳಲ್ಲಿ ಕಡಿಮೆ ಎಂಬ ವ್ಯತ್ಯಾಸ ಅವನಿಗೂ ಸಿಕ್ಕಿತ್ತು. ಅದು ಅಪರಾಧ ಮಾಡಿದವರ ಲಕ್ಷಣವೋ, ಸಿಕ್ಕಿಬಿದ್ದವರದ್ದೋ? ಜೈಲಿನೊಳಗೆ ನಿಂತು ಎಷ್ಟು ಅಳೆದರೂ ಇದು ಬಗೆಹರಿಯುವುದಿಲ್ಲ.

ನಮ್ಮಲ್ಲಂತೂ ಅಳತೆಪಟ್ಟಿಯೂ ಬೇಕಾಗಲಿಲ್ಲ. ಲೊಂಬ್ರೊಸೊನ ಪುಸ್ತಕಕ್ಕಿಂತ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನೇ ಅಪರಾಧಿಗಳ ಪಟ್ಟಿಗೆ ಸೇರಿಸಿದರು. ಅಂಥವರನ್ನು ಕಾವಲಿನಲ್ಲಿ ನೆಲೆಗೊಳಿಸಿದ್ದ ಹುಬ್ಬಳ್ಳಿಯ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಆ ಕಾಯ್ದೆಯ ಕಾಲದ್ದು. ದಿನವೂ ಹಾಜರಿ ಹಾಕಬೇಕಾದವನು ಒಮ್ಮೆ ತಪ್ಪಿಸಿಕೊಂಡರೆ ಅದೂ ಅಪರಾಧ. ಆ ಅಪರಾಧವೂ ಅದೇ ಸಮುದಾಯದ ಲೆಕ್ಕಕ್ಕೆ. ಕಾಯ್ದೆ 1952ರಲ್ಲಿ ರದ್ದಾಯಿತು, ಹಣೆಪಟ್ಟಿ ಹೋಗಲಿಲ್ಲ.

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಎರಡು ಠಾಣೆಗಳ ಮೊಬೈಲ್ ಕಳವಿನ ಅಂಕಿಗಳನ್ನು ಹೋಲಿಸಿ ಅಧ್ಯಾಯ ಬರೆದು ತಂದಳು. ಒಂದು ಠಾಣೆಯ ಸರಹದ್ದಿನಲ್ಲಿ ಕಳವು ತೀರಾ ಕಡಿಮೆ. ಅಲ್ಲಿನ ಬಸ್ ನಿಲ್ದಾಣದ ಗದ್ದಲ ನನಗೆ ಗೊತ್ತಿತ್ತು.

“ಕಳೆದುಹೋಗಿದೆ ಎಂದು ಬರೆಸಿಕೊಂಡವು ಎಷ್ಟಿವೆಯಮ್ಮ?” ಎಂದೆ.

ಅವಳು ಎಫ್‌ಐಆರ್‌ಗಳನ್ನಷ್ಟೇ ಎಣಿಸಿದ್ದಳು. ಹೊಸ ಸಿಮ್ ಸಿಕ್ಕರೆ ಸಾಕೆನ್ನುವವನಿಗೆ ‘ಕಳೆದುಹೋಗಿದೆ’ ಎಂಬ ಸ್ವೀಕೃತಿ ಪತ್ರವೇ ಧಾರಾಳ. ಠಾಣೆಗೂ ಒಂದು ಪ್ರಕರಣ ಕಡಿಮೆ. ಜೇಬಿಗೆ ಬ್ಲೇಡು ಹಾಕಿ ಎಗರಿಸಿದ ಫೋನು ಹೀಗೆ ಮರೆತು ಬಿಟ್ಟ ಕೊಡೆಯ ಸಾಲಿಗೆ ಸೇರುತ್ತದೆ.

ಮರುವಾರ ಅವಳು ಹೋಗಿ ಆ ಅರ್ಜಿಗಳ ಕಟ್ಟನ್ನು ಕೇಳಿದಳು. ಒಂದು ಠಾಣೆಯವರು ತೋರಿಸಿದರು, ಇನ್ನೊಂದರವರು ತೋರಿಸಲಿಲ್ಲ. ಅಧ್ಯಾಯದ ಕೋಷ್ಟಕದಲ್ಲಿ ಈಗ ‘ಕಳವು’ ಎಂದಿದ್ದ ಕಡೆ ‘ದಾಖಲಾದ ಕಳವು’ ಎಂದಿದೆ. ಪಕ್ಕದಲ್ಲಿ ಇನ್ನೊಂದು ಕಾಲಂ. ಅದರ ಎರಡನೆಯ ಮನೆ ಖಾಲಿ.